ಬೆಂಕಿಯ ಮುಂದಿನ ಹೆಜ್ಜೆ

ನಮ್ಮೂರಿನಲ್ಲಿ ಬೆಂಕಿ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಅದರ ಮುಂದೆ ಯಾರಾದರೂ ನಡೆಯಬೇಕು, ಅದು ಅವರ ಹಿಂದೆ ಬರುತ್ತದೆ. ಓಡಿದರೆ ಓಡಿ ಬರುತ್ತದೆ, ನಿಂತರೆ ನಿಲ್ಲುತ್ತದೆ. ಮುಂದಿರುವವರು ಹೊಳೆ ದಾಟಿದರೆ ನೀರಿನ ಅಂಚಿನಲ್ಲಿ ಕೂತು ಆರಿಹೋಗುತ್ತದೆ. ಹಾಗೆ ಅದರ ಮುಂದೆ ನಡೆಯುವ ಕೆಲಸವನ್ನು ನಾನು ಮೂವತ್ತೊಂದು ವರ್ಷ ಮಾಡಿದೆ. ನನ್ನ ಹೆಸರು ದೇವೀರಮ್ಮ. ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಆದರೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಈ ಜೋರು ಬಾಯಿ ಎರಡು ವರ್ಷ ನುಂಗಿಕೊಂಡು ಕೂತಿತ್ತು. ಈಗ ಯಾರು ಕೇಳಲಿ ಬಿಡಲಿ, ಹೇಳುತ್ತೇನೆ.

ಊರಿನ ಬೆನ್ನಿಗೆ ಒಂದು ಗುಡ್ಡ. ಅದಕ್ಕೆ ನಾಲ್ಕು ಮಗ್ಗುಲು. ಒಂದರಲ್ಲಿ ಬರೀ ಹುಲ್ಲು, ಒಂದರಲ್ಲಿ ಹೊನ್ನೆ ಮರ, ಇನ್ನೊಂದರಲ್ಲಿ ಈಚಲು, ಮತ್ತೊಂದರಲ್ಲಿ ನೆಲ್ಲಿ. ವರ್ಷಕ್ಕೊಂದು ಮಗ್ಗುಲಿಗೆ ಬೆಂಕಿ. ಸಂಕ್ರಾಂತಿ ಕಳೆದು, ತರಗೆಲೆ ಕಾಲಡಿಯಲ್ಲಿ ಸದ್ದು ಮಾಡಲು ಶುರುವಾದ ಮೇಲೆ, ಆದರೆ ನೆಲದೊಳಗೆ ಇನ್ನೂ ತಂಪು ಉಳಿದಿರುವಾಗ, ಹೊತ್ತೇರಿದ ಮೇಲೆ ಹೊರಡುತ್ತೇವೆ. ಬೆಂಕಿ ಹಾಯ್ದ ಕಡೆ ತರಗು ಹೋಗುತ್ತದೆ, ಲಂಟಾನದ ಎಳೆ ಗಿಡಗಳು ಹೋಗುತ್ತವೆ, ದನಗಳಿಗೆ ಕಚ್ಚುವ ಉಣ್ಣೆ ಹೋಗುತ್ತದೆ. ನೆಲ್ಲಿಯ ಕೊಂಬೆಗೆ ಅಂಟಿ ರಸ ಹೀರುವ ಬಂದನಿಕೆಯ ಮೊಳಕೆ ಆ ಶಾಖಕ್ಕೇ ಸುಟ್ಟುಹೋಗುತ್ತದೆ. ಹೊನ್ನೆಗೆ ದಪ್ಪ ತೊಗಟೆ, ಅದಕ್ಕೇನೂ ಆಗುವುದಿಲ್ಲ. ಈಚಲು ಬುಡಮಟ್ಟ ಸುಟ್ಟರೂ ಮತ್ತೆ ಗರಿ ಬಿಡುತ್ತದೆ. ಹದಿನಾರನೇ ದಿನಕ್ಕೆ ಬೂದಿಯೊಳಗಿಂದ ಹಸಿರು ಹುಲ್ಲು ಎದ್ದಿರುತ್ತದೆ, ಜಿಂಕೆ ಕಡವೆ ಮೇಯಲು ಇಳಿದಿರುತ್ತವೆ.

ಮುಂದೆ ನಡೆಯುವವಳು ತಿರುಗಿ ನೋಡಬಾರದು. ಹಾಗಾಗಿ ಬೆಂಕಿಯ ಮುಖ ನನಗೆ ಗೊತ್ತಿರಲಿಲ್ಲ, ಬೆನ್ನಿಗೆ ಮಾತ್ರ ಅದರ ಪರಿಚಯ. ನನಗೆ ಕಾಣುತ್ತಿದ್ದದ್ದು ಮುಂದಿನದು. ಮೊಲ, ಉಡ, ಓತಿಕೇತ, ಹಾವು, ಎಲ್ಲ ದಾರಿ ಬಿಟ್ಟು ಹೋಗುತ್ತಿದ್ದವು. ಕಾಜಾಣ ಹಕ್ಕಿಗಳು ಹೊಗೆಯೊಳಗೇ ನುಗ್ಗಿ ಮಿಡತೆ ಹಿಡಿಯುತ್ತಿದ್ದವು, ಅವಕ್ಕೆ ಅದೊಂದು ಮದುವೆಯೂಟ. ಬೆನ್ನ ಮೇಲೆ ನಕ್ಷತ್ರದ ಗೆರೆಯಿರುವ ಆಮೆಗಳು ಬಂಡೆಯಡಿಗೆ ಸೇರಿಕೊಳ್ಳುತ್ತಿದ್ದವು. ಬೆಂಕಿ ಬಂಡೆಯ ಮೇಲೆ ಹಾದುಹೋದ ಮೇಲೆ ಮೆಲ್ಲಗೆ ಹೊರಗೆ ಬಂದು, ಏನೂ ಆಗದವರಂತೆ ಕತ್ತು ಚಾಚುತ್ತಿದ್ದವು.

ಇಷ್ಟೂ ನಿಂತಿರುವುದು ಹೆಜ್ಜೆಯ ಮೇಲೆ. ಬೇಗ ನಡೆದರೆ ಬೆಂಕಿ ಎದ್ದು ಮರದ ತಲೆಗೆ ಹತ್ತುತ್ತದೆ. ನಿಧಾನ ಮಾಡಿದರೆ ಕೆಳಗಿಳಿದು ಬೇರಿಗೆ ಕೈ ಹಾಕುತ್ತದೆ. ಸರಿಯಾದ ಹೆಜ್ಜೆ ಅಂದರೆ ಆರು ತಿಂಗಳ ಬಸುರಿ ಹೊಳೆಯಿಂದ ತುಂಬಿದ ಬಿಂದಿಗೆ ಹೊತ್ತು ಬರುವ ಹೆಜ್ಜೆ. ಅವಳು ಅವಸರ ಮಾಡುವ ಹಾಗಿಲ್ಲ, ಭಾರ ಹೊತ್ತು ನಿಲ್ಲುವ ಹಾಗೂ ಇಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಸೂಲಗಿತ್ತಿ ನಿಂಗಜ್ಜಿ ಊರಿನ ಬಸುರಿಯರಲ್ಲಿ ಒಬ್ಬಳನ್ನು ಆರಿಸುತ್ತಾಳೆ. ನಾನು ಒಂಬತ್ತು ದಿನ ಅವಳ ಹಿಂದೆ ಹೊಳೆಗೂ ಮನೆಗೂ ನಡೆದು ಆ ಹೆಜ್ಜೆಯನ್ನು ಕಾಲಿಗೆ ತಂದುಕೊಳ್ಳಬೇಕು. ಆ ಒಂಬತ್ತು ದಿನ ಊರಿಗೆಲ್ಲ ನಗು. ಒಬ್ಬಳಂತೂ ಹೊಳೆದಂಡೆಯಲ್ಲಿ ಬಿಂದಿಗೆ ಇಳಿಸಿ, "ದೇವೀರಕ್ಕ, ನನ್ನ ಗಂಡಾನೂ ನನ್ನ ಹಿಂಗೆ ಹಿಂದಿಂದೇ ಬಂದು ನೋಡಿಲ್ಲ ಕಣಕ್ಕ" ಅಂದಿದ್ದಳು. ಕೊನೆಗೆ ಅವಳಿಗೆ ಸೀರೆ, ಹೂವು, ಹಣ್ಣು ಕೊಟ್ಟು ಆರತಿ ಮಾಡುತ್ತಿದ್ದರು. ಹೆಜ್ಜೆ ಕೊಟ್ಟವಳು ಅಂತ ಅವಳಿಗೆ ಜೀವನಪೂರ್ತಿ ಒಂದು ಮರ್ಯಾದೆ.

ಜವನಿ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲೇ ಬೆಳೆದಳು. ಹದಿನಾರನೇ ವಯಸ್ಸಿಗೇ ನನ್ನ ಜೊತೆ ಗುಡ್ಡ ಹತ್ತಿ, ಗಾಳಿ ಯಾವ ಕಡೆಯದು, ತರಗು ಎಷ್ಟು ಒಣಗಿದೆ, ಎಲ್ಲ ಕಲಿತಳು. ನನ್ನ ನಂತರ ಅವಳೇ ಅಂತ ಊರೂ ಒಪ್ಪಿತ್ತು. ಊರಲ್ಲೇ ಮದುವೆಯಾಗಿ, ಎರಡು ವರ್ಷದ ಹಿಂದೆ ಬಸುರಿಯಾದಳು. ಆ ಸಲ ಹೊನ್ನೆಮಗ್ಗುಲಿನ ಸರದಿ. ನಿಂಗಜ್ಜಿ ಅವಳನ್ನೇ ಆರಿಸಿದಳು. "ನೋಡೇ, ನಿಮ್ಮ ಮನೆಯೋಳೇ ಹೆಜ್ಜೆ ಕೊಡೋಳು, ನಿಮ್ಮ ಮನೆಯೋಳೇ ತಕ್ಕೊಳ್ಳೋಳು" ಅಂದಳು. ನನಗೆ ಹೇಳಲಾರದಷ್ಟು ಸಂತೋಷವಾಗಿತ್ತು.

ಅದಕ್ಕೆ ಮುಂಚಿನ ಮಳೆಗಾಲದಲ್ಲೇ ನಾನು ಹೊಳೆಯ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದಿದ್ದೆ. ಬಲಮಂಡಿ ಊದಿಕೊಂಡಿತು. ಹರಳೆಣ್ಣೆ ತಿಕ್ಕಿ, ಎಕ್ಕದ ಎಲೆ ಬಿಸಿಮಾಡಿ ಕಟ್ಟಿ, ಸೀರೆಯೊಳಗೆ ಮುಚ್ಚಿಕೊಂಡು ಓಡಾಡಿದೆ. ಊತ ಇಳಿಯಿತು, ನೋವು ಇಳಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಕಾಲು ಕೆಟ್ಟ ದಿನವೇ ಮುಂದೆ ನಡೆಯುವುದನ್ನು ಬಿಡಬೇಕು, ಅದು ಕಟ್ಟಳೆ. ಆ ವರ್ಷ ನನ್ನ ಜಾಗಕ್ಕೆ ಬರಬೇಕಾದವಳು ಬಸುರಿ. ಈ ಒಂದು ಸಲ ನಡೆದುಬಿಡೋಣ, ಮುಂದಿನ ವರ್ಷ ಅವಳಿಗೆ ವಹಿಸಿದರಾಯಿತು ಅಂದುಕೊಂಡೆ. ಹೊನ್ನೆಮಗ್ಗುಲಿನಲ್ಲಿ ನಡೆಯುವಾಗ ಬೆನ್ನು ಯಾವತ್ತೂ ಸುಡದ ಹಾಗೆ ಸುಟ್ಟಿತು. ಬಿಸಿಲು ಜಾಸ್ತಿ ಅಂತ ನನಗೆ ನಾನೇ ಹೇಳಿಕೊಂಡೆ.

ಎಂಟನೇ ದಿನ ಒಬ್ಬಳೇ ಹೋಗಿ ನೆಲ ಕೆದಕಿದೆ. ಬೆರಳುದ್ದ ಕೆದಕಿದರೆ ತಂಪು ಮಣ್ಣು ಸಿಗಬೇಕು, ಹುಲ್ಲಿನ ಬಿಳಿ ಬೇರು ಕಾಣಬೇಕು. ಗೇಣುದ್ದ ಕೆದಕಿದರೂ ಮಣ್ಣು ಇಟ್ಟಿಗೆಯ ಹಾಗೆ ಕೆಂಪಗೆ ಬೆಂದಿತ್ತು, ಬೇರೆಲ್ಲ ಇದ್ದಿಲು. ಹೊನ್ನೆಯ ತೊಗಟೆ ಬುಡದಲ್ಲಿ ಬಿರಿದು ಒಳಗಿನ ಕೆಂಪು ರಸ ಸೋರಿ ಹೆಪ್ಪುಗಟ್ಟಿತ್ತು. ಒಂದು ಚಪ್ಪಡಿ ಬಂಡೆಯನ್ನು ಎತ್ತಿ ನೋಡಿದೆ. ಕೆಳಗೆ ನಾಲ್ಕು ಆಮೆಗಳು, ಒಂದಕ್ಕೊಂದು ಒತ್ತಿಕೊಂಡು ಕೂತಲ್ಲೇ ಬೆಂದುಹೋಗಿದ್ದವು. ಎರಡು ದೊಡ್ಡವು, ಎರಡು ಅಂಗೈಯಷ್ಟು. ಅಲ್ಲೇ ಕೂತು ಅತ್ತೆ. ಆಮೇಲೆ ಬಂಡೆಯನ್ನು ಮತ್ತೆ ಹಾಗೇ ಮುಚ್ಚಿ ಊರಿಗೆ ಬಂದೆ.

ಒಂದು ತಿಂಗಳಾಯಿತು, ಒಂದು ಮಳೆಯೂ ಬಿತ್ತು, ಹೊನ್ನೆಮಗ್ಗುಲಿನಲ್ಲಿ ಒಂದು ಗರಿಕೆಯೂ ಏಳಲಿಲ್ಲ. ಮರಗಳು ಚಿಗುರಲಿಲ್ಲ. ಜಿಂಕೆ ಬಂದು ಮೂಸಿ ನೋಡಿ ಹೊರಟುಹೋದವು. ಊರಿನವರು ಚಾವಡಿಯಲ್ಲಿ ಸೇರಿದರು. ಯಜಮಾನರು ಪುಟ್ಟಬಸಪ್ಪನವರು, ಕೆಟ್ಟ ಮನುಷ್ಯರೇನೂ ಅಲ್ಲ. "ಈ ವರ್ಸದ ಹೆಜ್ಜೆ ಯಾರ್ದು?" ಅಂತ ಕೇಳಿದರು.

"ಜವನೀದು" ಅಂದಳು ನಿಂಗಜ್ಜಿ.

"ಅದಕ್ಕೇ ಮತ್ತೆ! ಕಾಲೆಳ್ಕೊಂಡು ನಡೀತಾಳೆ ಅವಳು, ನಾ ಆಗ್ಲೇ ಅಂದಿದ್ದೆ" ಅಂತ ಹಿಂದಿನಿಂದ ಯಾರೋ ಅಂದರು. ನಿಂಗಜ್ಜಿಗೆ ತನ್ನ ಆಯ್ಕೆ ತಪ್ಪಾಯಿತು ಅನ್ನಿಸಿಕೊಳ್ಳುವುದು ಬೇಕಿರಲಿಲ್ಲ. "ನಾ ಆರಿಸ್ದಾಗ ಸರ್ಯಾಗೇ ಇತ್ತಪ್ಪ. ಆಮ್ಯಾಲೆ ಕೆಟ್ಟದೆ" ಅಂದಳು. ಅಷ್ಟೇ. ಅಲ್ಲಿಗೆ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಒಂದು ಮರಕ್ಕೂ ಮುಕ್ಕಾಗದ ಹಾಗೆ ನಡೆದವಳು ನಾನು, ನನ್ನ ಕಾಲನ್ನು ಯಾರು ಅನುಮಾನಿಸುತ್ತಾರೆ? ಮಂಡಿಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದೆ. ನಾಳೆ ಹೇಳೋಣ ಅಂದುಕೊಂಡೆ. ಮಾರನೇ ದಿನವೂ ನಾಳೆ ಅಂದುಕೊಂಡೆ.

ಜವನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಾನು, ಅವಳ ಗಂಡ, ಅವನ ತಾಯಿ, ಮೂರೇ ಜನ. ದಾರಿಯಲ್ಲಿ ಜವನಿ ಎದುರಾದರೆ ಜನ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು, ಮರ್ಯಾದೆಗೆ ಅಲ್ಲ, ಅವಳ ಹೆಜ್ಜೆಯ ಮೇಲೆ ಹೆಜ್ಜೆ ಬೀಳಬಾರದು ಅಂತ. ಹೊಳೆಯಲ್ಲಿ ಅವಳು ನೀರು ತುಂಬಿಕೊಂಡು ಹೋದ ದಾರಿ ಬಿಟ್ಟು ಹೆಂಗಸರು ಇನ್ನೊಂದು ದಾರಿ ಮಾಡಿಕೊಂಡರು. ಅವಳು ಒಂದು ದಿನವೂ ಯಾರ ಮೇಲೂ ಕೂಗಾಡಲಿಲ್ಲ. ನನ್ನ ಮನೆಗೆ ಬರುವಳು, ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ ರಾಗಿ ಬೀಸಿ ಕೊಡುವಳು, ಹೋಗುವಳು. ನನಗೆ ಅವಳ ಮುಖ ನೋಡುವುದಕ್ಕಾಗುತ್ತಿರಲಿಲ್ಲ, ಮಗುವಿನ ಮುಖ ನೋಡುತ್ತಿದ್ದೆ.

ಹೋದ ವರ್ಷ ಈಚಲುಮಗ್ಗುಲಿನ ಸರದಿ. ನಿಂಗಜ್ಜಿ ಮನೆಮನೆ ಸುತ್ತಿದಳು, ಒಬ್ಬ ಬಸುರಿಯೂ ಸಿಗಲಿಲ್ಲ. ಅಂದರೆ ಇದ್ದರು, ಇಲ್ಲ ಅನ್ನುತ್ತಿದ್ದರು. ಸೀರೆ ಸಡಿಲ ಉಡುತ್ತಿದ್ದರು, ನೀರಿಗೆ ಅತ್ತೆಯನ್ನು ಕಳಿಸುತ್ತಿದ್ದರು, ತವರಿಗೆ ಹೋಗಿ ಕೂರುತ್ತಿದ್ದರು. ಜವನಿಗೆ ಆದದ್ದು ಕಂಡ ಮೇಲೆ ಯಾವ ಹೆಣ್ಣು ತನ್ನ ಹೆಜ್ಜೆ ಅಳೆಯಲು ಕೊಟ್ಟಾಳು? ಬಸುರಿ ಇಲ್ಲದೆ ಬೆಂಕಿ ಇಲ್ಲ. ಆ ವರ್ಷ ಗುಡ್ಡಕ್ಕೆ ಬೆಂಕಿ ಹೋಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಒಂದು ವರ್ಷ ತಪ್ಪಿಸಿಕೊಂಡೆ ಅಂತ. ನನ್ನ ಮುಖಕ್ಕಿಷ್ಟು.

ಈ ವರ್ಷ ನೆಲ್ಲಿಮಗ್ಗುಲಿನ ಸರದಿ. ಅಷ್ಟರಲ್ಲಿ ಅಲ್ಲಿ ಲಂಟಾನ ಎದೆಯೆತ್ತರ ಬೆಳೆದು ಹುಲ್ಲನ್ನು ಮುಚ್ಚಿತ್ತು. ನೆಲ್ಲಿ ಮರಗಳ ಕೊಂಬೆಯಲ್ಲಿ ಬಂದನಿಕೆ ಗೊಂಚಲು ಗೊಂಚಲಾಗಿ ಹಸಿರಾಗಿತ್ತು, ಮರ ಮಾತ್ರ ತುದಿಯಿಂದ ಒಣಗುತ್ತಿತ್ತು. ಈಚಲುಮಗ್ಗುಲು ಇನ್ನೂ ಹೀನಾಯ. ಐದು ವರ್ಷದ ತರಗು ಮೊಣಕಾಲುದ್ದ ಬಿದ್ದಿತ್ತು. ಜೇನು ಕೀಳಲು ಹೋದವರ ದೊಂದಿಯಿಂದ ಒಂದು ಕಿಡಿ ಅಲ್ಲಿ ಬಿತ್ತು. ಮನುಷ್ಯರು ಮುಂದಿಲ್ಲದಿದ್ದರೆ ಬೆಂಕಿ ಯಾವುದು ಓಡುತ್ತದೋ ಅದರ ಹಿಂದೆ ಹೋಗುತ್ತದೆ. ಅವತ್ತು ಅದರ ಮುಂದೆ ಎದ್ದದ್ದು ಒಂದು ಮೊಲ.

ಊರೆಲ್ಲ ಹೊಳೆದಂಡೆಯಲ್ಲಿ ನಿಂತು ನೋಡಿದೆವು. ಮೊಲಕ್ಕೆ ನೇರ ಓಡಿ ಗೊತ್ತಿಲ್ಲ. ಅದು ಸುತ್ತಿ ಸುತ್ತಿ ತಾನು ಎದ್ದ ಪೊದೆಗೇ ಬರುತ್ತಿತ್ತು, ಬೆಂಕಿಯೂ ಸುತ್ತುತ್ತಿತ್ತು. ಹಕ್ಕಿಗಳು ಗೂಡು ಬಿಟ್ಟು ಮೇಲೆ ಕೂಗುತ್ತಿದ್ದವು. ಒಂದು ಕಡವೆ ಮರಿಯ ಜೊತೆ ನಡುವೆ ಸಿಕ್ಕಿಕೊಂಡಿತು, ಯಾವ ಕಡೆ ತಿರುಗಿದರೂ ಬೆಂಕಿ. ಮೊಲ ಓಡಿದಷ್ಟೂ ಬೆಂಕಿ ಎತ್ತರಕ್ಕೆ ಎದ್ದಿತು, ಈಚಲಿನ ಸುಳಿಯೆಲ್ಲ ಸುಟ್ಟಿತು. ಕೊನೆಗೆ ಆ ಮೊಲ ಬಿದ್ದಲ್ಲಿ ಬೆಂಕಿಯೂ ಕೂತು, ಸಂಜೆಯ ತನಕ ಒಂದೇ ಜಾಗವನ್ನು ತಿಂದಿತು. ಕಡವೆಯ ಕೂಗು ನಿಂತ ಮೇಲೆ ಹೆಂಗಸರು ಮಕ್ಕಳನ್ನು ಕರೆದುಕೊಂಡು ಮನೆಗೆ ಹೋದರು.

ಮಾರನೇ ಬೆಳಿಗ್ಗೆ ಚಾವಡಿ. "ಆ ಹೆಜ್ಜೆ ಕೆಟ್ಟಾಗಿಂದ ಇದೆಲ್ಲ" ಅಂತ ಶುರುವಾಯಿತು. ಅವಳು ಊರಲ್ಲಿರುವ ತನಕ ಯಾವ ಬಸುರಿಯೂ ಮುಂದೆ ಬರುವುದಿಲ್ಲ, ಬಸುರಿ ಬರದೆ ನೆಲ್ಲಿಮಗ್ಗುಲಿಗೆ ಬೆಂಕಿ ಇಲ್ಲ, ಬೆಂಕಿ ಇಲ್ಲದಿದ್ದರೆ ನೆಲ್ಲಿಯೂ ಇಲ್ಲ, ನಾಳೆ ಅಲ್ಲೂ ಒಂದು ಮೊಲ ಏಳುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು, ಬುಡ ಮಾತ್ರ ಸುಳ್ಳು. ಪುಟ್ಟಬಸಪ್ಪನವರು ಜವನಿಯ ಗಂಡನಿಗೆ ಮೆಲ್ಲಗೇ ಹೇಳಿದರು: "ನೋಡಪ್ಪ, ಬೇಜಾರು ಮಾಡ್ಕೋಬ್ಯಾಡ. ಮೂರು ದಿನದಲ್ಲಿ ಹೆಂಡ್ತಿ ಮಗೀನ ಕರ್ಕೊಂಡು ಹೊಳೆಯಾಚೆ ಎಲ್ಲಾದ್ರೂ ಬದುಕ್ಕೋ." ಅವನು ತಲೆ ತಗ್ಗಿಸಿ ನಿಂತ. ಜವನಿ ಹೊರಗೆ, ಮೆಟ್ಟಿಲ ಕೆಳಗೆ ಮಗು ಎತ್ತಿಕೊಂಡು ನಿಂತಿದ್ದಳು. ನಾನು ಎದ್ದೆ. ಏಳುವಾಗ ಮಂಡಿ ಲಟಕ್ಕೆಂದಿತು, ಪಕ್ಕದಲ್ಲಿದ್ದವಳು ತಿರುಗಿ ನೋಡಿದಳು.

"ತಪ್ಪು ಅವಳ ಹೆಜ್ಜೆದಲ್ಲ ಯಜಮಾನ್ರೇ. ನನ್ನ ಮಂಡೀದು" ಅಂದೆ. ಸೀರೆ ಎತ್ತಿ ಮಂಡಿ ತೋರಿಸಿದೆ. ಆಮೆಗಳ ವಿಷಯ ಹೇಳಿದೆ, ಎಂಟನೇ ದಿನದ ವಿಷಯ ಹೇಳಿದೆ. ಜವನಿಯ ಕಡೆ ನೋಡಲಿಲ್ಲ.

ಅವರು ನಂಬಲಿಲ್ಲ ಕಣ್ರೀ! ಎರಡು ವರ್ಷ ಎದೆಯಲ್ಲಿ ಇಟ್ಟುಕೊಂಡು ಸತ್ತ ಮಾತನ್ನು ಬಿಚ್ಚಿ ಹೇಳಿದರೆ, ಪುಟ್ಟಬಸಪ್ಪನವರು ಕನಿಕರದಿಂದ ನೋಡಿ, "ಕೂತ್ಕೊಳ್ಳವ್ವ ದೇವೀರಮ್ಮ. ನಿನ್ನ ಕರುಳು ಮಾತಾಡ್ತಾ ಅದೆ" ಅಂದರು. ನಿಂಗಜ್ಜಿ, "ವಯಸ್ಸಾದೋರಿಗೆಲ್ಲ ಮಂಡಿ ನೋಯ್ತದೆ, ನಂಗೂ ನೋಯ್ತದೆ. ತಂಗಿ ಮಗಳು ಅಂತ ಮೈಮೇಲೆ ಹಾಕ್ಕೊಂತೀಯಾ?" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು.

"ಹಂಗಾದ್ರೆ ನಡೆದೇ ತೋರಿಸ್ತೀನಿ. ನನ್ನ ಹೊಳೆದಂಡೆ ಬೀಳಿನಲ್ಲಿ ನಡೀತೀನಿ. ಈ ವರ್ಸ ನನ್ನ ಕಾಲಲ್ಲಿ ಯಾವ ಬಸುರೀದೂ ಹೆಜ್ಜೆ ಇಲ್ಲ, ಜವನೀದೂ ಇಲ್ಲ. ಆಗಲೂ ನೆಲ ಬೆಂದರೆ ಯಾರನ್ನ ಊರು ಬಿಡಿಸ್ತೀರಿ, ಹೇಳಿ."

ಆ ಬೀಳು ನನ್ನ ತಾಯಿಯದು. ಬೇಲಿಯಿಂದ ಹೊಳೆಗೆ ಇನ್ನೂರು ಹೆಜ್ಜೆ ಉದ್ದ, ಸೊಂಟದುದ್ದ ಹುಲ್ಲು. ಅದರಲ್ಲಿ ಗೌಜಲಕ್ಕಿ ಮೊಟ್ಟೆಯಿಡುತ್ತವೆ. ನಾನು ನಡೆದರೆ ಆ ನೆಲ ಸಾಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಸಾಯಲಿ ಅಂತಲೇ ನಡೆಯಬೇಕಿತ್ತು. ಒಂದು ನೆಲವನ್ನು ಕೊಲ್ಲದೆ ಇವರು ನಂಬುವುದಿಲ್ಲವಲ್ಲ ಅಂತ ಸಂಕಟವಾಯಿತು. ಬೆಳಿಗ್ಗೆಯೇ ಹೋಗಿ ಕೋಲಿನಿಂದ ಹುಲ್ಲು ಬಡಿದು, ಗೌಜಲನ್ನೂ ಮೊಲವನ್ನೂ ಎಬ್ಬಿಸಿ ಓಡಿಸಿದೆ. ಹುಳುಹುಪ್ಪಟೆಗೆ, ಇರುವೆಗೆ ಏನು ಹೇಳಲಿ?

ಹೊತ್ತೇರಿದ ಮೇಲೆ ಊರೆಲ್ಲ ಪಕ್ಕದ ಬೇಲಿಯಾಚೆ ನಿಂತಿತು. ಕಡ್ಡಿ ಗೀರಿ, ಹುಲ್ಲಿಗೆ ಕೊಟ್ಟು, ಬೆನ್ನು ತಿರುಗಿಸಿ ನಡೆದೆ. ಮೊದಲ ಇಪ್ಪತ್ತು ಹೆಜ್ಜೆ ಹೇಗೋ ಆಯಿತು. ನಲವತ್ತಕ್ಕೆ ಮಂಡಿಯೊಳಗೆ ಮೂಳೆಗೆ ಮೂಳೆ ಉಜ್ಜುವುದು ಗೊತ್ತಾಗುತ್ತಿತ್ತು. ಬೆನ್ನು ಕಾದಿತು, ಸೆರಗು ಕಾದಿತು. ಬೇಗ ನಡೆಯೋಣವೆಂದರೆ ಕಾಲು ಬರಲಿಲ್ಲ. ತೊಂಬತ್ತನೇ ಹೆಜ್ಜೆಯೋ ನೂರನೆಯದೋ, ಮಂಡಿ ಒಮ್ಮೆಗೇ ಕೈಬಿಟ್ಟಿತು. ಕೂತುಬಿಟ್ಟೆ.

ನಾನು ಕೂತೆ, ಬೆಂಕಿ ನಿಂತಿತು. ನನ್ನ ಹಿಂದೆ ನಾಲ್ಕು ಮೊಳ ದೂರದಲ್ಲಿ, ಸೊಂಟದುದ್ದ ಹುಲ್ಲನ್ನು ನಿಂತಲ್ಲೇ ತಿನ್ನುತ್ತ ಅದು ಎತ್ತರವಾಗುತ್ತಿರುವುದು ಸದ್ದಿನಲ್ಲೇ ತಿಳಿಯುತ್ತಿತ್ತು. "ಏಳು ದೇವೀರಕ್ಕ! ಏಳು!" ಅಂತ ಜನ ಕೂಗಿದರು. ಏಳುವುದೆಲ್ಲಿಂದ? ತೆವಳಿದೆ, ಬೆಂಕಿಯೂ ತೆವಳಿತು. ಯಾರೂ ಬೇಲಿ ದಾಟಲಿಲ್ಲ, ಅವರದೂ ತಪ್ಪಲ್ಲ. ನಡುವೆ ಬಂದವರನ್ನು ಬೆಂಕಿ ಹಿಡಿದುಕೊಂಡರೆ ಹೊಳೆಯ ತನಕ ಹೆಜ್ಜೆ ತಪ್ಪದೆ ನಡೆಯಬೇಕು, ಹೆದರಿ ಓಡಿದರೆ ಬೆಂಕಿ ಎದ್ದು ಮೈಮೇಲೆ ಬರುತ್ತದೆ. ಅದನ್ನು ಕಲಿತವರು ಊರಿನಲ್ಲಿ ಇಬ್ಬರೇ. ಒಬ್ಬಳು ನಾನು, ನೆಲದ ಮೇಲೆ ಕೂತಿದ್ದೆ.

ಜವನಿ ಮಗುವನ್ನು ಪಕ್ಕದಲ್ಲಿದ್ದ ನಿಂಗಜ್ಜಿಯ ಕೈಗೆ ಕೊಟ್ಟಳು. "ಬ್ಯಾಡ ಕಣೇ, ನಿನ್ನ ಹೆಜ್ಜೆ..." ಅನ್ನುತ್ತಲೇ ನಿಂಗಜ್ಜಿ ಮಗುವನ್ನು ಎದೆಗವಚಿಕೊಂಡಳು. ಜವನಿ ಬೇಲಿ ದಾಟಿ, ಹುಲ್ಲು ಸರಿಸಿಕೊಂಡು, ನನ್ನ ಮುಂದೆ ಬಂದಳು. ನನ್ನ ಮುಖ ನೋಡಲಿಲ್ಲ. "ಅಳ್ಳಾಡಬ್ಯಾಡ ದೊಡ್ಡವ್ವ. ಕಲ್ಲಿನಂಗೆ ಕೂತ್ಕೊ" ಅಂದಳು. ಹೊಳೆಯ ಕಡೆ ತಿರುಗಿ ನಡೆದಳು.

ನಾನು ಉಸಿರು ಹಿಡಿದೆ. ಒಂದು ಗಳಿಗೆ ಬೆಂಕಿಗೆ ಯಾರ ಹಿಂದೆ ಹೋಗಬೇಕೆಂದು ತಿಳಿಯಲಿಲ್ಲ. ಆಮೇಲೆ ಅದು ಎರಡಾಗಿ ಸೀಳಿ, ನನ್ನ ಎಡಕ್ಕೊಂದು ಬಲಕ್ಕೊಂದಾಗಿ ಹಾದು, ಮುಂದೆ ಮತ್ತೆ ಕೂಡಿಕೊಂಡು ಅವಳ ಹಿಂದೆ ಹೋಯಿತು. ನನ್ನ ಸೆರಗು ಸುಟ್ಟಿತು, ಹಿಮ್ಮಡಿ ಬೆಂದಿತು. ಆದರೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಾನು ಹೆಜ್ಜೆಯ ಹಿಂದೆ ಹೋಗುವ ಬೆಂಕಿಯನ್ನು ನೋಡಿದೆ. ನನ್ನ ಹಿಂದೆ ಆಳೆತ್ತರ ನಿಂತಿದ್ದದ್ದು ಅವಳ ಹಿಂದೆ ಹೋಗುತ್ತ ಹೋಗುತ್ತ ಮೊಣಕಾಲೆತ್ತರಕ್ಕೆ ಇಳಿಯಿತು. ಒಣಹುಲ್ಲನ್ನು ತೆಗೆದುಕೊಂಡು, ಬುಡವನ್ನು ಬಿಟ್ಟು, ಮುಂದಕ್ಕೆ ಮುಂದಕ್ಕೆ ಹೋಯಿತು. ಮಿಡತೆಗಳು ಅದರ ಮುಂದೆ ಹಾರಿ ತಪ್ಪಿಸಿಕೊಳ್ಳುವಷ್ಟು ಹೊತ್ತು ಅವಳು ಕೊಡುತ್ತಿದ್ದಳು. ಅವಳ ಹೆಜ್ಜೆಯಲ್ಲಿ ಅವಸರವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಅವಳು ಹೊಳೆ ದಾಟಿದಳು, ಬೆಂಕಿ ನೀರಿನ ಅಂಚಿನಲ್ಲಿ ಕೂತಿತು. ನಾನು ಅಲ್ಲೇ ಬೂದಿಯಲ್ಲಿ ಕೂತು ಗಟ್ಟಿಯಾಗಿ ಅತ್ತೆ.

ನೆಲ ಆರಿದ ಮೇಲೆ ಪುಟ್ಟಬಸಪ್ಪನವರೇ ಗುದ್ದಲಿ ತಂದರು. ನಾನು ನಡೆದ ಕಡೆ ಅಗೆದರು. ಗೇಣುದ್ದವೂ ಬೆಂದ ಮಣ್ಣು, ಮುಟ್ಟಿದರೆ ಇನ್ನೂ ಬಿಸಿ. ನಾನು ಬಿದ್ದಲ್ಲಿಂದ ಆಚೆ, ಜವನಿ ನಡೆದ ಕಡೆ ಅಗೆದರು. ಬೆರಳುದ್ದಕ್ಕೇ ತಂಪು ಮಣ್ಣು. ಹುಲ್ಲಿನ ಬಿಳಿ ಬೇರುಗಳ ನಡುವೆ ಇರುವೆಗಳು ತಮ್ಮ ಮೊಟ್ಟೆಗಳನ್ನು ಕಚ್ಚಿಕೊಂಡು ಓಡಾಡುತ್ತಿದ್ದವು. ಒಬ್ಬೊಬ್ಬರೇ ಬಂದು ಬಗ್ಗಿ ಎರಡೂ ಗುಂಡಿ ನೋಡಿದರು. ಯಜಮಾನರು ಕೈ ಕೊಡವಿಕೊಂಡು, "ನೆಲ್ಲಿಮಗ್ಗುಲಿಗೆ ಜವನಿ ನಡೀಲಿ" ಅಂದರು. ಊರು ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ.

ಮಾರನೇ ದಿನ ಜವನಿ ನನ್ನ ಮನೆಗೆ ಬಂದು, ಹಿಮ್ಮಡಿಗೆ ಲೋಳೆಸರ ಹಚ್ಚಿದಳು. ಹಚ್ಚುತ್ತಲೇ ಕೇಳಿದಳು: "ಚಾವಡಿ ಸೇರೋಕ್ ಮುಂಚೆನೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಮಗ."

ಅವಳ ಕೈ ನಿಂತಿತು. "ನಾ ಎರಡು ವರ್ಸ ನನ್ನ ಕಾಲನ್ನೇ ನೋಡ್ಕೊಂಡು ನಡೆದಿದ್ದೀನಿ ದೊಡ್ಡವ್ವ. ನಂದೇ ಎಲ್ಲೋ ತಪ್ಪದೆ ಅಂತ. ಯಾರೂ ಇಲ್ದಾಗ ಹಿತ್ತಲಲ್ಲಿ ಬೇರೆ ಥರ ನಡೆಯೋಕೆ ನೋಡ್ತಿದ್ದೆ. ಮಗು ನನ್ನ ನೋಡಿ ನಡೆಯೋದು ಕಲೀತದಲ್ಲ ಅಂತ, ಅದರ ಎದುರಿಗೆ ನಡೆಯೋಕೂ ಹೆದರ್ತಿದ್ದೆ."

"ತಪ್ಪಾಯ್ತು ಕಣವ್ವ" ಅಂದೆ. ಇನ್ನೇನು ಅನ್ನಲಿ? ಅವಳು "ಹೂಂ" ಅಂದಳು. ಬಟ್ಟೆ ಕಟ್ಟಿ, ಕೈ ತೊಳೆದುಕೊಂಡು ಹೋದಳು.

ನೆಲ್ಲಿಮಗ್ಗುಲಿಗೆ ಅವಳು ಯಾವ ಬಸುರಿಯ ಹಿಂದೆಯೂ ನಡೆಯದೆ ಹೋದಳು. ನಿಂಗಜ್ಜಿ ಕಟ್ಟಳೆಯ ಮಾತು ತೆಗೆದದ್ದಕ್ಕೆ, "ನನ್ನ ಹೆಜ್ಜೆ ನಂಗೆ ಸಾಕು" ಅಂದಳಂತೆ. ಕಷ್ಟದ ಮಗ್ಗುಲು ಅದು. ಲಂಟಾನ ಹತ್ತಿದರೆ ಬೆಂಕಿ ತಲೆಯೆತ್ತುತ್ತದೆ. ಹಾಗಾಗಿ ನಾಲ್ಕು ದಿನ ಮೊದಲೇ ಗಂಡನ ಜೊತೆ ಸೇರಿ ನೆಲ್ಲಿಯ ಬುಡದ ಲಂಟಾನವನ್ನೆಲ್ಲ ಕಡಿದು ದೂರ ಎಳೆದು ಹಾಕಿದಳು. ಆಮೇಲೆ ಗುಡ್ಡದ ತುದಿಯಿಂದ ಹೊಳೆಯ ತನಕ ಏಳು ಸಲ ಇಳಿದಳು, ಏಳು ಪಟ್ಟಿ. ನಾನು ಕೋಲೂರಿ ಹೊಳೆಯಾಚೆ ನಿಂತಿದ್ದೆ. ಪ್ರತಿ ಸಲ ನೀರು ದಾಟಿ ಬಂದಾಗ ಅವಳ ಬೆನ್ನಿನ ಬೆವರು ಕಾಣುತ್ತಿತ್ತು, ಬೆನ್ನಿನ ಬಟ್ಟೆ ಎಲ್ಲೂ ಕಂದಿರಲಿಲ್ಲ. ಬಂಡೆಗಳಡಿಯಿಂದ ಆಮೆಗಳು ಹೊರಗೆ ಬಂದದ್ದನ್ನು ಅವಳ ಗಂಡ ನೋಡಿ ಬಂದು ಹೇಳಿದ. ಹನ್ನೊಂದು ಅಂತ ಎಣಿಸಿದ್ದ.

ಹದಿನಾರನೇ ದಿನ ಊರೆಲ್ಲ ಗುಡ್ಡ ಹತ್ತಿತು. ನನ್ನನ್ನೂ ಇಬ್ಬರು ಕೈಹಿಡಿದು ಹತ್ತಿಸಿದರು. ಬೂದಿಯ ಮೇಲೆ ಹುಲ್ಲು ಬೆರಳುದ್ದ ಎದ್ದಿತ್ತು, ಕಣ್ಣಿಗೆ ಹೊಡೆಯುವಷ್ಟು ಹಸಿರು. ನೆಲ್ಲಿಯ ಕೊಂಬೆಯಲ್ಲಿ ಬಂದನಿಕೆಯ ಎಳೆ ಗೊಂಚಲೆಲ್ಲ ಕಂದಿ ಜೋತುಬಿದ್ದಿತ್ತು, ಒಣಗಿದ್ದ ತುದಿಗಳ ಕೆಳಗೆ ಹೊಸ ಚಿಗುರು. ಮೇಲಿನ ಬಯಲಿನಲ್ಲಿ ಜಿಂಕೆಯ ಹಿಂಡು ತಲೆಯೆತ್ತಿ ನಮ್ಮನ್ನು ನೋಡಿ, ಮತ್ತೆ ಬಗ್ಗಿ ಮೇಯತೊಡಗಿತು. ಜನಕ್ಕೆ ಮಾತು ಬಂತು. ಜವನಿಯ ಸುತ್ತ ಸೇರಿಕೊಂಡರು, ದಾರಿ ಬಿಟ್ಟು ಸರಿಯುತ್ತಿದ್ದವರೇ ಅವಳ ಭುಜ ಮುಟ್ಟಿದರು.

"ಚಿನ್ನದಂಥಾ ಹೆಜ್ಜೆ ಕಣವ್ವ ನಿಂದು" ಅಂದರು ಪುಟ್ಟಬಸಪ್ಪನವರು.

"ನಾ ಸುಮ್ನೆ ಆರಿಸಿದ್ನಾ ಮತ್ತೆ?" ಅಂದಳು ನಿಂಗಜ್ಜಿ. ಎಲ್ಲರೂ ನಕ್ಕರು.

ಜವನಿ ನಗಲಿಲ್ಲ. ನಗು ನಿಲ್ಲುವ ತನಕ ಕಾದಳು.

"ಇದೇ ಹೆಜ್ಜೆ ಯಜಮಾನ್ರೇ" ಅಂದಳು. "ಅವತ್ತೂ ಇದೇ ಇತ್ತು."

ಹೇಳಿದ್ದು ಯಜಮಾನರಿಗೆ, ಆದರೆ ಅವಳು ಅಷ್ಟು ಹೊತ್ತೂ ನೋಡುತ್ತಿದ್ದದ್ದು ನನ್ನ ಮುಖವನ್ನು.